ಸ್ವಿಚ್ ಆರಿಸಿದರೂ ಕಚ್ಚುತ್ತಿದ್ದ ಏಣಿ: ಒಂದು ಮನೆ ಈಜುಕೊಳದ ವೈರಿಂಗ್ ಪ್ರಕರಣ

"ಏಣಿ ಕಚ್ಚುತ್ತೆ" ಎಂದು ಮೊದಲು ಹೇಳಿದ್ದು ಆ ಮನೆಯ ಮೊಮ್ಮಗಳು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಮಕ್ಕಳು ಕತ್ತಲಾಗುವವರೆಗೂ ನೀರಲ್ಲೇ ಇರುತ್ತಿದ್ದರು. ಮೇಲೆ ಬರಲು ಸ್ಟೀಲ್ ಏಣಿ ಹಿಡಿದರೆ ಬೆರಳಿಗೆ ಏನೋ ಕಚ್ಚಿದ ಹಾಗಾಗುತ್ತೆ ಎಂದಳು. ಇರುವೆ ಇರಬೇಕು ಎಂದರು ದೊಡ್ಡವರು. ಎರಡು ದಿನ ಕಳೆದು, ಅಂಗೈ ತರಚಿಕೊಂಡಿದ್ದ ಅವಳ ಅಣ್ಣ ಅದೇ ಏಣಿ ಹಿಡಿದವನು ಕಿರುಚಿ ಮತ್ತೆ ನೀರಿಗೆ ಬಿದ್ದ. ಆಗ ನನಗೆ ಫೋನ್ ಬಂತು.

ಸಕಲೇಶಪುರದ ಕಡೆಯ ಕಾಫಿ ತೋಟದ ಬಂಗಲೆ ಅದು. ಹಿಂದೆ 60 ಮೀಟರ್ ದೂರದಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳ. ಕಟ್ಟಿಸಿ ಆರು ವರ್ಷ. ಪಕ್ಕದಲ್ಲಿ ಅರ್ಧ ನೆಲದೊಳಗೆ ಇಳಿದ ಪಂಪ್ ರೂಮ್. ಅದರಲ್ಲಿ ಒಂದೂವರೆ ಎಚ್‌ಪಿ ಸಿಂಗಲ್ ಫೇಸ್ ಪಂಪು, ಫೈಬರ್ ಸ್ಯಾಂಡ್ ಫಿಲ್ಟರ್, ನೀರೊಳಗಿನ ಎರಡು ದೀಪಕ್ಕೆ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಒಂದು ಟೈಮರ್ ಪ್ಯಾನೆಲ್. ಮನೆಯಿಂದ ಬಂದಿರುವುದು ಎರಡೇ ಕೋರಿನ ಕೇಬಲ್, ಕರೆಂಟ್ ತರುವ ಫೇಸ್ ಮತ್ತು ಅದನ್ನು ವಾಪಸು ಒಯ್ಯುವ ನ್ಯೂಟ್ರಲ್. ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ಅರ್ತ್ ಮನೆಯಿಂದ ಬಂದಿಲ್ಲ. ಕೊಳದ ಬಳಿಯೇ ಉಪ್ಪು, ಇದ್ದಿಲು ತುಂಬಿ ಜಿಐ ಪೈಪ್ ಇಳಿಸಿದ ಪ್ರತ್ಯೇಕ ಗುಂಡಿ. ಈ ಒಂದು ವಿವರ ಮುಂದೆ ಬಹಳ ಮುಖ್ಯವಾಗುತ್ತದೆ.

ಫೋನಿನಲ್ಲೇ ಹೇಳಿದೆ: "ಸಾರ್, ಮಕ್ಕಳನ್ನ ಆ ಕಡೆ ಬಿಡಲೇಬೇಡಿ." ಸಾಹುಕಾರರು, "ಪೂಲಿನ ಸ್ವಿಚ್ ಆಗಲೇ ಆರಿಸಿದೀನಿ ಮಾರಾಯ, ಇನ್ನೇನು ಭಯ?" ಎಂದರು. "ಆರಿಸಿದ್ರೂ ಯಾರೂ ಇಳೀಬಾರ್ದು" ಎಂದೆ. ಆಗ ನನಗೂ ಕಾರಣ ಗೊತ್ತಿರಲಿಲ್ಲ, ಅಭ್ಯಾಸಬಲದಿಂದ ಹೇಳಿದ್ದು. ಆ ಮಾತು ಎಷ್ಟು ನಿಜವಾಗಿತ್ತು ಎಂದು ಮಾರನೇ ದಿನ ಸಂಜೆ ತಿಳಿಯಿತು.

ಬೆಳಿಗ್ಗೆ ಹನ್ನೊಂದಕ್ಕೆ ಹೋದೆವು, ನಾನು ಮತ್ತು ನನ್ನ ಜೊತೆಯ ಹುಡುಗ. ಹಿಂದಿನ ವಾರವಷ್ಟೇ ಹೂಮಳೆ ಬಿದ್ದು ಮಣ್ಣು ಮೆತ್ತಗಿತ್ತು. ಕೊಳದಿಂದ 20 ಮೀಟರ್ ಆಚೆ, ಕಾಫಿ ಗಿಡಗಳ ನಡುವೆ ಒಂದು ಕಬ್ಬಿಣದ ಗೂಟ ಬಡಿದು ಅಲ್ಲಿಂದ ವೈರ್ ಎಳೆದು ತಂದೆವು. ಏಣಿಗೂ ಆ ಗೂಟಕ್ಕೂ ನಡುವೆ ಮೀಟರ್ ಹಿಡಿದರೆ 2 ವೋಲ್ಟು, ಒಮ್ಮೊಮ್ಮೆ 3. ಇದಕ್ಕೆ ಯಾರೂ ಕಿರುಚುವುದಿಲ್ಲ. ಮಕ್ಕಳಿಗೆ ಹೊಡೆದದ್ದು ಸಂಜೆ, ಸಂಜೆ ಉರಿಯುವುದು ದೀಪ, ಹಾಗಾಗಿ ದೀಪವೇ ಕಳ್ಳ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಇಡೀ ಮಧ್ಯಾಹ್ನ ಅದರಲ್ಲೇ ಹೋಯಿತು.

ದೀಪದ ಜಂಕ್ಷನ್ ಬಾಕ್ಸುಗಳನ್ನು ಕೊಳದ ಅಂಚಿನ ಕಲ್ಲಿನ ಕೆಳಗೆ ಹುಗಿದಿದ್ದರು. ಅವು ನೀರಿನ ಮಟ್ಟಕ್ಕಿಂತ ಮೇಲೆ, ಒಣಗಿರುವ ಜಾಗದಲ್ಲಿ ಇರಬೇಕು. ಇಲ್ಲಿ ಮುಚ್ಚಳ ತೆಗೆದರೆ ಲೋಟದಷ್ಟು ನೀರು. ತಾಮ್ರದ ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಪುಡಿಪುಡಿ. ದೀಪದ ಕೇಬಲ್ಲಿನ ಎಳೆಗಳ ಸಂದಿಯಲ್ಲೇ ನೀರು, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಹತ್ತಿ ಬಂದಿತ್ತು. ಸಿಕ್ಕಿಬಿದ್ದ ಎಂದುಕೊಂಡೆ. ಆದರೆ ಟ್ರಾನ್ಸ್‌ಫಾರ್ಮರ್ ಬಿಚ್ಚಿ, 230ರ ಬದಿಗೂ 12ರ ಬದಿಗೂ ನಡುವೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದಾಗ 200 ಮೆಗಾಓಮ್ ದಾಟಿತು. ಅಂದರೆ 230 ವೋಲ್ಟು ಈ ದಾರಿಯಲ್ಲಿ ನೀರಿಗೆ ಬರಲು ಸಾಧ್ಯವೇ ಇಲ್ಲ. ನೀರೊಳಗಿನ ದೀಪಕ್ಕೆ 12 ವೋಲ್ಟಿಗಿಂತ ಹೆಚ್ಚು ಎಸಿ ಕೊಡಬಾರದು, ಅದೂ ಹೀಗೆ ಪೂರ್ತಿ ಬೇರ್ಪಟ್ಟ ಟ್ರಾನ್ಸ್‌ಫಾರ್ಮರಿನಿಂದಲೇ ಬರಬೇಕು ಎಂದು ವೈರಿಂಗಿನ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60364ರ 702ನೇ ಭಾಗ ಹೇಳುವುದು ಇದಕ್ಕೇ. ಆ ಒಂದು ಕೆಲಸವನ್ನು ಕೊಳ ಕಟ್ಟಿದವರು ಸರಿಯಾಗಿ ಮಾಡಿದ್ದರು. ದೀಪಗಳ ಸಂಪರ್ಕ ಕಿತ್ತಿಟ್ಟು, ಸಂಜೆಗೆ ಕಾದೆವು.

ಆರೂವರೆಗೆ ಮನೆಯಲ್ಲಿ ಸ್ನಾನ ಶುರುವಾಯಿತು. ತಲಾ 2 ಕಿಲೋವ್ಯಾಟಿನ ಎರಡು ಗೀಸರ್. ಪಂಪೂ ಓಡುತ್ತಿತ್ತು. ಏಣಿಗೂ ಗೂಟಕ್ಕೂ ನಡುವೆ ಮೀಟರ್ 31 ವೋಲ್ಟು ತೋರಿಸಿತು. ಏಣಿಗೂ ಕೊಳದ ನೀರಿಗೂ ನಡುವೆ 12. ಒದ್ದೆ ಮೈಗೆ, ಅದರಲ್ಲೂ ಚರ್ಮ ಕಿತ್ತುಹೋದ ಅಂಗೈಗೆ, 12 ವೋಲ್ಟು ಧಾರಾಳ ಸಾಕು. ನನ್ನ ಜೊತೆಯ ಹುಡುಗನನ್ನು ಮನೆಗೆ ಓಡಿಸಿ ಪೂಲಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇಳಿಸಿಸಿದೆ. ಪಂಪು ನಿಂತಿತು. ಮೀಟರ್ 31ರಿಂದ 23ಕ್ಕೆ ಇಳಿದು ಅಲ್ಲೇ ನಿಂತಿತು. ದೀಪ ಇಲ್ಲ, ಪಂಪಿಲ್ಲ, ಎಂಸಿಬಿ ಕೆಳಗಿದೆ, ಆದರೂ ಏಣಿಯಲ್ಲಿ 23 ವೋಲ್ಟು. ಸಾಹುಕಾರರು ಹಿಂದಿನ ದಿನ ಆರಿಸಿದ್ದು ಇದೇ ಸ್ವಿಚ್ಚು.

ಪಂಪ್ ರೂಮಿನಿಂದ ಗುಂಡಿಗೆ ಹೋಗುವ ಅರ್ತ್ ವೈರಿಗೆ ಕ್ಲ್ಯಾಂಪ್ ಮೀಟರ್ ಕಚ್ಚಿಸಿದೆ. 2.6 ಆಂಪಿಯರ್. ನಾನು ಬೆಳಿಗ್ಗೆ ಬಂದ ಮೊದಲ ಹತ್ತು ನಿಮಿಷದಲ್ಲೇ ಮಾಡಬೇಕಿದ್ದ ಕೆಲಸ ಇದು. ಅರ್ತ್ ವೈರು ಅವಘಡಕ್ಕೆ ಕಾದು ಕೂತಿರುವ ವೈರು. ದಿನನಿತ್ಯ ಅದರಲ್ಲಿ ಕರೆಂಟ್ ಹರಿಯುತ್ತಿದ್ದರೆ ಎಲ್ಲೋ ಯಾರೋ ಅದಕ್ಕೆ ಬೇರೆ ಕೆಲಸ ಹಚ್ಚಿದ್ದಾರೆ ಎಂದರ್ಥ. ಕೊಳದ ಗುಂಡಿಯನ್ನು ಅರ್ತ್ ಟೆಸ್ಟರಿನಲ್ಲಿ ಅಳೆದಿದ್ದೆ, 9 ಓಮ್ ಇತ್ತು. 2.6ನ್ನು 9ರಿಂದ ಗುಣಿಸಿ, 23.4. ಏಣಿಯನ್ನೂ ಇದೇ ಅರ್ತಿಗೆ ಕಟ್ಟಿದ್ದರು, ಅದರ ವೋಲ್ಟೇಜು ಎಲ್ಲಿಂದ ಬಂತು ಎಂಬುದಕ್ಕೆ ಲೆಕ್ಕ ಸಿಕ್ಕಿತು. ಆ 2.6 ಆಂಪಿಯರ್ ಯಾರದು ಎಂಬುದು ಮಾತ್ರ ಉಳಿಯಿತು. ಮನೆಯ ಮೇನ್ ಇಳಿಸಿದರೆ ಏಣಿಯಲ್ಲಿ ಸೊನ್ನೆ. ಹಾಗಾದರೆ ಹೊರಗಿನ ಲೈನಿನದ್ದಲ್ಲ, ಇದೇ ಮನೆಯದ್ದು. ಎಂಸಿಬಿ ಇಳಿಸಿದರೆ ಹೋಗದ್ದು ಮೇನ್ ಇಳಿಸಿದರೆ ಹೋಗುತ್ತದೆ. ಈ ಎರಡರ ನಡುವಿನ ವ್ಯತ್ಯಾಸ ಏನೆಂದರೆ, ಪೂಲಿನದ್ದು ಸಿಂಗಲ್ ಪೋಲ್ ಎಂಸಿಬಿ, ಫೇಸ್ ಮಾತ್ರ ಕತ್ತರಿಸುತ್ತದೆ. ಮೇನ್ ಎರಡನ್ನೂ ಕತ್ತರಿಸುತ್ತದೆ. ಅಂದ ಮೇಲೆ ವೋಲ್ಟೇಜು ಬರುತ್ತಿರುವುದು ನ್ಯೂಟ್ರಲ್‌ನಲ್ಲಿ.

ಪಂಪ್ ರೂಮಿನ ಪ್ಯಾನೆಲ್ಲಿಗೆ ಟಾರ್ಚ್ ಬಿಟ್ಟೆ. ಕೆಳಗೆ ಆಸಿಡ್ ಕ್ಯಾನು, ಪಕ್ಕದಲ್ಲಿ ಮುಚ್ಚಳ ಸಡಿಲವಾದ ಕ್ಲೋರಿನ್ ಮಾತ್ರೆ ಡಬ್ಬ. (ಆಸಿಡ್ಡನ್ನೂ ಕ್ಲೋರಿನ್ನನ್ನೂ ಒಂದೇ ಕೋಣೆಯಲ್ಲಿ ಇಡುವುದೇ ಅಪಾಯ. ಪ್ಯಾನೆಲ್ಲಿನ ಕೆಳಗಿಟ್ಟರೆ ಆ ಹಬೆಗೆ ತಾಮ್ರವೆಲ್ಲ ಕಿಲುಬು ಹಿಡಿದು ಸವೆಯುತ್ತದೆ. ಹೇಳಿ ಹೇಳಿ ನನಗೂ ಸಾಕಾಗಿದೆ.) ಒಳಗೆ ಎಲ್ಲ ಸ್ಕ್ರೂಗಳ ಮೇಲೂ ಹಸಿರು, ಕಾಂಟಾಕ್ಟರಿನ ಸಂದಿಯಲ್ಲಿ ಒಣಗಿದ ಹಲ್ಲಿ, ಎಲ್ಲ ವೈರಿನ ಮೇಲೂ ಆರು ವರ್ಷದ ಧೂಳು. ಆ ಧೂಳಿನ ನಡುವೆ ಒಂದು ಗೇಣುದ್ದದ ಹಸಿರು ವೈರು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಒಂದು ತುದಿ ನ್ಯೂಟ್ರಲ್ ಲಿಂಕಿನಲ್ಲಿ, ಇನ್ನೊಂದು ತುದಿ ಅರ್ತ್ ಬೋಲ್ಟಿನಲ್ಲಿ. ಯಾರೋ ಬೇಕೆಂದೇ ಹಾಕಿದ ಲೂಪು.

ಅದನ್ನು ಬಿಚ್ಚಿದೆ. ಏಣಿ 0.2 ವೋಲ್ಟಿಗೆ ಇಳಿಯಿತು.

ಇಲ್ಲಿಗೇ ಮುಗಿಸಿ ಬಿಲ್ ಬರೆದು ಬರಬಹುದಿತ್ತು. ಆದರೆ ಯಾರೂ ಸುಮ್ಮಸುಮ್ಮನೆ ಲೂಪ್ ಹಾಕುವುದಿಲ್ಲ. ತೋಟದ ಲೆಕ್ಕಪತ್ರ ನೋಡುವ ರೈಟರನ್ನು ಕೇಳಿದೆ. ನೆನಪಿಸಿಕೊಂಡು ಹೇಳಿದರು: ಹೋದ ವರ್ಷ ಪಂಪು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ, ಪಕ್ಕದೂರಿನಿಂದ ಒಬ್ಬ ಹುಡುಗ ಬಂದು ರಿಪೇರಿ ಮಾಡಿದ, ಅದಾದ ಮೇಲೆ ಮನೆಯ 'ಟ್ರಿಪ್ಪರ್' ಬೀಳಲು ಶುರುವಾಯಿತು, ಗೀಸರ್ ಹಾಕಿದ ಕ್ಷಣವೇ ಬೀಳುತ್ತಿತ್ತು, ಗೀಸರ್ ಹೊಸದು ತಂದರೂ ಬೀಳುತ್ತಿತ್ತು, ಕೊನೆಗೆ ಟ್ರಿಪ್ಪರನ್ನೇ ತೆಗೆಸಿದರು. ಸಾಹುಕಾರರು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದರು. ಅದರಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಜೊತೆಗೆ ಪಂಪಿನ ಹಳೇ ಕೆಪಾಸಿಟರ್, ಅಂದರೆ ಮೋಟರ್ ತಿರುಗಲು ಶುರುಮಾಡಲು ನೆರವಾಗುವ ಭಾಗ. "ಇದು ಹಾಳಾಗಿದೆ ಅಂದ್ರು" ಎಂದರು. ಹಾಳಾಗಿರಲಿಲ್ಲ. ಹೋಗುವ ಕರೆಂಟಿಗೂ ಬರುವ ಕರೆಂಟಿಗೂ ವ್ಯತ್ಯಾಸ 30 ಮಿಲಿ ಆಂಪಿಯರ್ ಆಗುವುದರೊಳಗೆ ಬೀಳುವುದು ಅದರ ಕೆಲಸ. ಲೂಪ್ ಹಾಕಿದ ಮೇಲೆ ಮನೆಯ ನ್ಯೂಟ್ರಲ್ ಕರೆಂಟಿನಲ್ಲಿ ಒಂದು ಪಾಲು ಕೊಳದ ಗುಂಡಿಯ ಮೂಲಕ ಮಣ್ಣಿಗೆ ಇಳಿಯುತ್ತಿತ್ತು, ವಾಪಸು ಆರ್‌ಸಿಸಿಬಿ ಮೂಲಕ ಬರುತ್ತಿರಲಿಲ್ಲ. ಗೀಸರ್ ಹಾಕಿದರೆ ಆ ಪಾಲು ಮಿಲಿ ಅಲ್ಲ, ಆಂಪಿಯರುಗಟ್ಟಲೆ. ಬೀಳದೆ ಏನು ಮಾಡೀತು? ತಪ್ಪಿಲ್ಲದ ಹಳೇ ಗೀಸರು ಗೋಡೌನಿನಲ್ಲಿ ಕಾಫಿ ಚೀಲಗಳ ಹಿಂದೆ ಬಿದ್ದಿತ್ತು.

ಮಾರನೇ ಬೆಳಿಗ್ಗೆ ಮನೆಯ ಮೇನ್ ಬೋರ್ಡಿನಲ್ಲಿ ಕೂತೆವು. ಲೋಡ್ ಇಲ್ಲದಾಗ ಫೇಸ್–ನ್ಯೂಟ್ರಲ್ 228. ಪರೀಕ್ಷೆಗೆಂದು ಲೂಪನ್ನು ಐದು ನಿಮಿಷ ಮತ್ತೆ ಸೇರಿಸಿ, ಒಂದು ಗೀಸರ್ ಮತ್ತು ಫ್ರಿಜ್ಜು, ಮಿಕ್ಸಿ ಎಲ್ಲ ಸೇರಿ 12 ಆಂಪಿಯರ್ ಲೋಡ್ ಕೊಟ್ಟೆವು. ಫೇಸ್–ನ್ಯೂಟ್ರಲ್ 211ಕ್ಕೆ ಬಿತ್ತು. ಮನೆಯದೇ ಬೇರೆ ಅರ್ತ್ ಗುಂಡಿಗೆ ಹೋಲಿಸಿದರೆ ಫೇಸ್ 225ರಲ್ಲೇ ಇತ್ತು, ನ್ಯೂಟ್ರಲ್ 14ಕ್ಕೆ ಏರಿತ್ತು. 17 ವೋಲ್ಟು ಕಳೆದುಹೋಗಿದ್ದರಲ್ಲಿ ಫೇಸಿನ ಪಾಲು 3, ನ್ಯೂಟ್ರಲಿನ ಪಾಲು 14. ಎರಡೂ ಒಂದೇ ಉದ್ದದ ವೈರು ತಾನೆ, ಸಮಸಮ ಇರಬೇಕಿತ್ತು. ಅಂದರೆ ನ್ಯೂಟ್ರಲ್ ದಾರಿಯಲ್ಲಿ ಎಲ್ಲೋ ಕೆಟ್ಟ ಜಾಯಿಂಟ್ ಇದೆ.

ಜಗಲಿಯ ಹಳೇ ಮರದ ಬೋರ್ಡಿನ ಹಿಂದೆ ಸಿಕ್ಕಿತು. ಮೀಟರಿನಿಂದ ಬಂದ ಅಲ್ಯೂಮಿನಿಯಂ ವೈರಿಗೆ ಮನೆಯ ತಾಮ್ರದ ವೈರನ್ನು ಹಾಗೇ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಬಿಡಿಸುವಾಗಲೇ ಸುಟ್ಟ ರಬ್ಬರ್ ವಾಸನೆ. ಒಳಗೆ ಅಲ್ಯೂಮಿನಿಯಂ ಎಳೆಗಳ ಮೇಲೆ ವಿಭೂತಿಯಂಥ ಬಿಳಿ ಪುಡಿ, ಎರಡು ಎಳೆ ಪೂರ್ತಿ ತುಂಡು, ಒಂದಿಂಚು ದೂರದವರೆಗೆ ಇನ್ಸುಲೇಷನ್ ಕಂದಿ ಬಿಸ್ಕತ್ತಿನ ಹಾಗೆ ಮುರಿಯುತ್ತಿತ್ತು. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ನೇರ ತಿರುಚಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಬಿಟ್ಟರೆ ಅಲ್ಯೂಮಿನಿಯಂ ಸವೆಯುತ್ತದೆ; ಬಿಸಿಯಾಗಿ ತಣ್ಣಗಾಗಿ ಸಡಿಲವಾಗುತ್ತದೆ; ಸಡಿಲವಾದಷ್ಟೂ ಇನ್ನಷ್ಟು ಬಿಸಿ.

ಈಗ ಇಡೀ ಕತೆ ಒಂದೇ ದಾರಕ್ಕೆ ಬಂತು. ಈ ಜಾಯಿಂಟಿನಿಂದಾಗಿ ಪಂಪಿಗೆ ಪೂರ್ತಿ ವೋಲ್ಟೇಜು ಬರುತ್ತಿರಲಿಲ್ಲ. ಹೋದ ವರ್ಷ ಪಂಪ್ ರಿಪೇರಿ ಮಾಡಿದ್ದ ಆ ಹುಡುಗನನ್ನೂ ಫೋನ್ ಮಾಡಿ ಕರೆಸಿದೆ, ಬಯ್ಯುವುದಕ್ಕಲ್ಲ, ಏನು ನೋಡಿದ ಎಂದು ಕೇಳಲು. ಬಂದ, ಅಂಜುತ್ತಲೇ. "ಟೆಸ್ಟ್ ಲ್ಯಾಂಪ್ ಹಿಡಿದೆ ಅಣ್ಣ. ಫೇಸ್‌ಗೂ ನ್ಯೂಟ್ರಲ್‌ಗೂ ಹಿಡಿದ್ರೆ ಮಂಕು, ಫೇಸ್‌ಗೂ ಅರ್ತ್‌ಗೂ ಹಿಡಿದ್ರೆ ಜೋರಾಗಿ ಉರೀತು. ನ್ಯೂಟ್ರಲ್ ವೀಕ್ ಇದೆ ಅಂತ ಅರ್ತ್ ಸಪೋರ್ಟ್ ಕೊಟ್ಟೆ. ಪಂಪ್ ಓಡ್ತಲ್ಲ?" ಎಂದ. ಅವನು ನೋಡಿದ್ದು ನೂರಕ್ಕೆ ನೂರು ಸರಿ. ನ್ಯೂಟ್ರಲ್ ನಿಜಕ್ಕೂ ವೀಕ್ ಇತ್ತು. ವೀಕ್ ಆದದ್ದು ಎಲ್ಲಿ ಎಂದು ಹಿಂದಕ್ಕೆ ಹೋಗಿ ಹುಡುಕಬೇಕಿತ್ತು, ಹುಡುಕಲಿಲ್ಲ. ಇನ್ನೊಂದು: ಅದೇ ದಿನ ಅವನು ಪಂಪಿನ ಕೆಪಾಸಿಟರನ್ನೂ ಬದಲಾಯಿಸಿದ್ದ. 9 ಓಮಿನ ಗುಂಡಿ ಪಂಪಿಗೆ ಕೊಡುವ ಸಹಾಯ ಅಷ್ಟಕ್ಕಷ್ಟೆ. ಪಂಪ್ ಓಡಿದ್ದು ಕೆಪಾಸಿಟರಿನಿಂದ, ಹೆಸರು ಬಂದದ್ದು ಲೂಪಿಗೆ.

ಅವನಿಗೂ ಸಾಹುಕಾರರಿಗೂ ಒಂದು ಲೆಕ್ಕ ಹಾಕಿ ತೋರಿಸಿದೆ. ಆ ಬಿಳಿ ಪುಡಿಯ ಜಾಯಿಂಟು ಒಂದು ಸಂಜೆ ಪೂರ್ತಿ ಬಿಟ್ಟುಹೋಗಿದ್ದರೆ? ಮನೆಯ ಕರೆಂಟಿಗೆಲ್ಲ ವಾಪಸು ಹೋಗಲು ಉಳಿಯುವ ದಾರಿ ಕೊಳದ ಗುಂಡಿಯೊಂದೇ. ಎರಡು ಗೀಸರ್ ಸೇರಿ ಸುಮಾರು 13 ಓಮ್, ಗುಂಡಿ 9 ಓಮ್. 230 ವೋಲ್ಟು ಈ ಎರಡರ ನಡುವೆ ಹಂಚಿದರೆ ಗುಂಡಿಯ ಪಾಲಿಗೆ, ಅಂದರೆ ಏಣಿಗೆ, 94 ವೋಲ್ಟು. ಪೂಲಿನ ಎಂಸಿಬಿ ಕೆಳಗಿದ್ದರೂ ಅಷ್ಟೇ. ಕರೆಂಟು ಹತ್ತೂವರೆ ಆಂಪಿಯರ್ ಆಗುವುದರಿಂದ ಯಾವ ಎಂಸಿಬಿಯೂ ಬೀಳುವುದಿಲ್ಲ. ಸಾಹುಕಾರರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹುಡುಗ ಆ ಲೆಕ್ಕದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಏಣಿಯನ್ನು ಅರ್ತಿಗೆ ಕಟ್ಟಿದ್ದು ಸುರಕ್ಷತೆಗೆಂದೇ. ಆದರೆ ಏಣಿಯನ್ನು ಮಾತ್ರ ಕಟ್ಟಿ, ಕೊಳದ ಕಾಂಕ್ರೀಟಿನೊಳಗಿನ ಸರಳುಗಳನ್ನು ಬಿಟ್ಟಿದ್ದರು. ಹಾಗಾಗಿ ಅರ್ತ್ ಬೋಲ್ಟಿನಲ್ಲಿ ವೋಲ್ಟೇಜು ಏರಿದಾಗ ಏಣಿಯೂ ಏರಿತು, ನೀರು ಸುತ್ತಲಿನ ಮಣ್ಣಿನ ಜೊತೆ ಕೆಳಗೇ ಉಳಿಯಿತು. ಮನುಷ್ಯನಿಗೆ ಹೊಡೆಯುವುದು ವೋಲ್ಟೇಜಲ್ಲ, ಕೈಗೂ ಕಾಲಿಗೂ ನಡುವಿನ ವೋಲ್ಟೇಜಿನ ವ್ಯತ್ಯಾಸ. ಏಣಿ, ಸರಳು, ಪಂಪಿನ ಮೈ, ಕೈಹಿಡಿ ಎಲ್ಲವನ್ನೂ ಒಂದೇ ತಾಮ್ರದಿಂದ ಹೆಣೆದರೆ ಏರಿದರೂ ಎಲ್ಲ ಒಟ್ಟಿಗೆ ಏರುತ್ತವೆ, ನಡುವೆ ಇರುವವನಿಗೆ ತಗಲುವುದು ತೀರಾ ಕಮ್ಮಿ. ಅರ್ಧ ಕಟ್ಟುವುದು ಕಟ್ಟದೇ ಇರುವುದಕ್ಕಿಂತ ಕೆಟ್ಟದ್ದು ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನಾನು ಇನ್ನೊಂದು ನೋಡಿಲ್ಲ.

ರಿಪೇರಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಲೈನ್‌ಮನ್ ಕರೆಸಿ, ಫ್ಯೂಸ್ ತೆಗೆಸಿ, ಅವರ ಎದುರೇ ಮೀಟರಿನಿಂದ ಮೇನಿನವರೆಗೆ ಜಾಯಿಂಟಿಲ್ಲದ 10 ಚದರ ಎಂಎಂ ತಾಮ್ರ ಎಳೆದೆವು. ಅದೇ 12 ಆಂಪಿಯರ್ ಲೋಡಿಗೆ ನ್ಯೂಟ್ರಲ್ 14 ಇದ್ದದ್ದು 3 ವೋಲ್ಟಿಗೆ ಇಳಿಯಿತು. ಪೂಲಿಗೆ ಡಬಲ್ ಪೋಲ್ ಎಂಸಿಬಿ ಮತ್ತು ಅದರದ್ದೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಮನೆಗೆ ಬಿಸ್ಕತ್ತಿನ ಡಬ್ಬದ್ದು ವಾಪಸು. ಟೆಸ್ಟ್ ಬಟನ್ ಒತ್ತಿದರೆ ಟಕ್ಕೆಂದು ಬಿತ್ತು, ಟೆಸ್ಟರಿನಲ್ಲಿ ಅಳೆದದ್ದೂ ಸರಿಯಾಗಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟೆ, ಒಂದರ ಹಿಂದೆ ಒಂದಲ್ಲ. ಕೊಳದ ತಂಟೆಗೆ ಅಡುಗೆಮನೆ ಕತ್ತಲಾಗಬಾರದು. ಎರಡರ ನ್ಯೂಟ್ರಲ್ ಬೇರೆಬೇರೆ ಲಿಂಕಿಗೆ, ಎಲ್ಲೂ ಬೆರೆಯಬಾರದು. ಕೊಳದ ಅಂಚಿನಿಂದ ಮೂರಡಿ ದೂರದಲ್ಲಿ ಹಾಡಿನ ಸ್ಪೀಕರಿಗೆಂದು ಇದ್ದ ಪ್ಲಗ್ ಪಾಯಿಂಟನ್ನು ಅಲ್ಲಿಂದ ಪೂರ್ತಿ ಕಿತ್ತೆವು.

ಮುಗಿಯಿತು ಎನ್ನುವಾಗ ಹೊಸ ಆರ್‌ಸಿಸಿಬಿ ಬಿತ್ತು. ಪಂಪು ಶುರುವಾಗಿ 20 ನಿಮಿಷಕ್ಕೆ. ಎತ್ತಿದೆ, ಮತ್ತೆ ಬಿತ್ತು. ಸಾಹುಕಾರರ ಮುಖ ನೋಡಬೇಕಿತ್ತು: "ನೋಡಿದ್ಯಾ, ನಮ್ಮನೇಗೆ ಇದು ಆಗಿಬರಲ್ಲ."

ಲೀಕೇಜ್ ಅಳೆಯುವ ಕ್ಲ್ಯಾಂಪಿನೊಳಗೆ ಪಂಪಿನ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಾಯಿಸಿದೆ. ಸರಿಯಿದ್ದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆಯ ಹತ್ತಿರ ಇರಬೇಕು. ಶುರುವಿನಲ್ಲಿ 4 ಮಿಲಿ ಆಂಪಿಯರ್. ಹತ್ತು ನಿಮಿಷಕ್ಕೆ 9. ಮೋಟರ್ ಬಿಸಿಯಾದ ಹಾಗೆ ಏರುತ್ತಾ 19ಕ್ಕೆ ಮುಟ್ಟಿದಾಗ ಟ್ರಿಪ್. 30ರ ಆರ್‌ಸಿಸಿಬಿ 30ಕ್ಕೇ ಬೀಳಬೇಕೆಂದಿಲ್ಲ, 15 ದಾಟಿದ ಮೇಲೆ ಎಲ್ಲಾದರೂ ಬೀಳಬಹುದು. ಪಂಪ್ ಬಿಚ್ಚಿದರೆ ಶಾಫ್ಟಿನ ಮೆಕ್ಯಾನಿಕಲ್ ಸೀಲ್ ಸವೆದು, ನೀರು ಹನಿಹನಿಯಾಗಿ ಮುಂದಿನ ಬೇರಿಂಗ್ ದಾಟಿ ವೈಂಡಿಂಗಿನವರೆಗೆ ಹೋಗಿತ್ತು. ಬೇರಿಂಗಿನ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣ. ಇದು ಬೇರೆಯದೇ ತಂಟೆ, ಏಣಿಗೂ ಇದಕ್ಕೂ ಸಂಬಂಧವಿಲ್ಲ. ಟ್ರಿಪ್ಪರ್ ಡಬ್ಬದಲ್ಲಿ ಕೂತಿದ್ದ ವರ್ಷದಲ್ಲಿ ಯಾರಿಗೂ ಗೊತ್ತಾಗದೆ ಬೆಳೆದದ್ದು. ಪೇಟೆಯ ವೈಂಡಿಂಗ್ ಅಂಗಡಿಯಲ್ಲಿ ಮೋಟರ್ ಒಣಗಿಸಿ, ವಾರ್ನಿಷ್ ಕೊಟ್ಟು, ಸೀಲ್ ಮತ್ತು ಬೇರಿಂಗ್ ಹೊಸದು ಹಾಕಿಸಿದೆವು. ಎರಡು ಗಂಟೆ ಓಡಿದ ಮೇಲೂ ಲೀಕೇಜ್ 1 ಮಿಲಿ ಆಂಪಿಯರ್ ದಾಟಲಿಲ್ಲ.

ಸರಳುಗಳನ್ನು ಹುಡುಕುವುದೇ ಕಷ್ಟವಾಯಿತು. ಪಂಪ್ ರೂಮಿನ ಗೋಡೆ ಕೊಳದ ಗೋಡೆಯೇ ಆದ್ದರಿಂದ ಅಲ್ಲಿ ಗಾರೆ ಒಡೆದು ಎರಡು ಸರಳು ಹಿಡಿದೆವು, ಎದುರು ಅಂಚಿನಲ್ಲಿ ಕಲ್ಲು ಎತ್ತಿ ಇನ್ನೆರಡು. ಏಣಿಯ ಎರಡೂ ಕಾಲು, ಪಂಪಿನ ಮೈ, ಸರಳು ಎಲ್ಲವನ್ನೂ ಸುತ್ತುಗಟ್ಟಿ ಗುಂಡಿಗೆ ತಂದೆವು. ಆ ರಾತ್ರಿ ಎಂಟಕ್ಕೆ ಎರಡೂ ಗೀಸರ್, ಪಂಪು, ಮನೆಯ ಎಲ್ಲ ದೀಪ ಹಾಕಿಸಿ ಅಳೆದಾಗ ಏಣಿಗೂ ನೀರಿಗೂ ನಡುವೆ ಮೀಟರಿನ ಕೊನೆಯ ಅಂಕಿ ಮಾತ್ರ ಮಿಣುಕುತ್ತಿತ್ತು. ಅರ್ತ್ ವೈರಿನಲ್ಲಿ ಏನೂ ಇಲ್ಲ.

ನೀರೊಳಗಿನ ದೀಪ ಮಾತ್ರ ಹಾಗೇ ಉಳಿದಿದೆ. ಆ ಜಂಕ್ಷನ್ ಬಾಕ್ಸುಗಳನ್ನು ಮೇಲೆತ್ತಬೇಕು, ಕೇಬಲ್ ಹೊಸದಾಗಬೇಕು, ಅದಕ್ಕೆ ಕೊಳ ಖಾಲಿ ಮಾಡಬೇಕು. ಮಳೆಗಾಲ ಕಳೆಯಲಿ ಎಂದಿದ್ದೇನೆ. ಟ್ರಾನ್ಸ್‌ಫಾರ್ಮರಿನ ತುದಿಗಳಿಗೆ ಟೇಪ್ ಸುತ್ತಿ, ಮೇಲೆ ಒಂದು ಚೀಟಿ ಕಟ್ಟಿ ಬಂದೆ. ಅಲ್ಲಿಯವರೆಗೆ ಮಕ್ಕಳು ಬೆಳಕಿರುವಾಗಲೇ ಈಜಿ ಮೇಲೆ ಬರಬೇಕೆಂದು ಅಜ್ಜಿಯ ಆರ್ಡರ್ ಆಗಿದೆ.